ಕಟ್ಟುವ ಮೊದಲು ತೂಗಿ ನೋಡಿ: ಸ್ಟಾರ್ಟ್‌ಅಪ್ ಐಡಿಯಾ ಆಯ್ದುಕೊಳ್ಳಲು ಹಂತ ಹಂತದ ಮಾರ್ಗದರ್ಶಿ

ಸ್ಟಾರ್ಟ್‌ಅಪ್ ಮಾಡಬೇಕೆಂದು ಹೊರಟವರ ಬಳಿ ಐಡಿಯಾಗಳಿಗೇನೂ ಬರವಿರುವುದಿಲ್ಲ. ಅವುಗಳಲ್ಲಿ ಯಾವುದನ್ನು ನಂಬಿ ಮುಂದಿನ ಮೂರ್ನಾಲ್ಕು ವರ್ಷಗಳನ್ನೂ ಕೂಡಿಟ್ಟ ಹಣವನ್ನೂ ಹಾಕಬಹುದು ಎಂಬುದೇ ಕಗ್ಗಂಟು. ಹೆಚ್ಚಿನವರು ಕಟ್ಟಿಯೇ ನೋಡಿಬಿಡೋಣ ಎಂದು ಇಳಿಯುತ್ತಾರೆ. ಕೆಲಸ ಬಿಟ್ಟು, ಇಬ್ಬರು ಗೆಳೆಯರನ್ನು ಸೇರಿಸಿಕೊಂಡು, ತಿಂಗಳುಗಟ್ಟಲೆ ಆ್ಯಪ್ ಬರೆದು, ಆಮೇಲೆ ಗ್ರಾಹಕರನ್ನು ಹುಡುಕಲು ಹೊರಡುತ್ತಾರೆ. ಅವರಿಗೆ ಕೊನೆಗೆ ಸಿಗುವ ಉತ್ತರದ ಬಹುಪಾಲು ಒಂದು ತಿಂಗಳ ಓಡಾಟದಲ್ಲಿ, ಒಂದು ನೋಟ್‌ಬುಕ್‌ನ ಲೆಕ್ಕದಲ್ಲಿ ಸಿಗುವಂಥದ್ದು. ಆ ತಿಂಗಳನ್ನು ಹೇಗೆ ಕಳೆಯಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ನಂಬುವ ಅಳತೆಗೋಲು ಒಂದೇ. ಆ ಕಷ್ಟಕ್ಕೆ ಜನ ಈಗಾಗಲೇ ಏನು ತೆರುತ್ತಿದ್ದಾರೆ? ಹಣವಿರಬಹುದು, ಸಮಯವಿರಬಹುದು, ಹಾಳಾದ ಬೆಳೆ ಇರಬಹುದು, ಹತ್ತು ಜನರಿಗೆ ಫೋನ್ ಮಾಡುವ ತಾಪತ್ರಯ ಇರಬಹುದು. ಏನನ್ನೂ ತೆರದೆ ಸುಮ್ಮನಿದ್ದಾರೆ ಎಂದರೆ ಅದು ಅವರಿಗೆ ಅಷ್ಟು ದೊಡ್ಡ ಕಷ್ಟವಲ್ಲ ಅಥವಾ ಅದಕ್ಕೆ ಖರ್ಚು ಮಾಡುವ ಶಕ್ತಿ ಅವರಿಗಿಲ್ಲ. ಎರಡರಲ್ಲಿ ಯಾವುದಾದರೂ ನಿಮಗೆ ಮೊದಲೇ ಗೊತ್ತಾಗಬೇಕು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಐಡಿಯಾವನ್ನು ಕೊನೆಯವರೆಗೂ ಜೊತೆಗೆ ಇಟ್ಟುಕೊಳ್ಳೋಣ. ಪುತ್ತೂರು, ಸುಳ್ಯದ ಕಡೆ ಅಡಿಕೆ ಕೊಯ್ಯಲು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು (ಸಿಂಪಡಿಸಲು) ಜನ ಸಿಗುತ್ತಿಲ್ಲ. "ಕೆಲಸದವರನ್ನು ಬುಕ್ ಮಾಡುವ ಆ್ಯಪ್ ಮಾಡೋಣ" ಎಂಬುದು ಆ ಊರುಗಳಿಂದ ಬಂದ ಇಂಜಿನಿಯರ್‌ಗಳಿಗೆ ಸಹಜವಾಗಿ ಹೊಳೆಯುವ ಯೋಚನೆ. ಕಷ್ಟ ನಿಜ, ಅದರಲ್ಲಿ ಎರಡು ಮಾತಿಲ್ಲ. ಆ್ಯಪ್ ಅದಕ್ಕೆ ಮದ್ದೇ ಎಂಬುದನ್ನು ನೋಡಬೇಕು.

ಹಂತ 1: ತಂತ್ರಜ್ಞಾನದ ಹೆಸರೆತ್ತದೆ ಒಂದು ವಾಕ್ಯ ಬರೆಯಿರಿ

ಯಾರಿಗೆ, ಯಾವಾಗ, ಏನು ಕಷ್ಟ, ಅದರಿಂದ ಅವರಿಗೆ ಏನು ನಷ್ಟ. ಇಷ್ಟು ಮಾತ್ರ. ಎಐ, ಪ್ಲಾಟ್‌ಫಾರ್ಮ್, ಆ್ಯಪ್ ಎಂಬ ಪದಗಳು ಆ ವಾಕ್ಯದಲ್ಲಿ ಬರಬಾರದು. "ರೈತರಿಗೆ ಕಾರ್ಮಿಕರ ಸಮಸ್ಯೆ" ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. "ಎರಡು ಎಕರೆ ಅಡಿಕೆ ತೋಟವಿರುವ, ಮನೆಯಲ್ಲಿ ಮರ ಹತ್ತುವವರಿಲ್ಲದ ಕೃಷಿಕರಿಗೆ ಜೂನ್ ತಿಂಗಳ ಬಿಸಿಲು ಸಿಕ್ಕ ನಾಲ್ಕು ದಿನಗಳಲ್ಲಿ ಮದ್ದು ಬಿಡುವವರು ಸಿಗುವುದಿಲ್ಲ, ತಡವಾದರೆ ಎಳೆಗಾಯಿ ಕೊಳೆತು ಉದುರುತ್ತದೆ" ಎಂದು ಬರೆದಾಗ ಯಾರ ಮನೆಗೆ ಹೋಗಬೇಕು, ಯಾವ ತಿಂಗಳಲ್ಲಿ ಹೋಗಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಇಷ್ಟು ಬಿಡಿಸಿ ಬರೆಯಲು ಬಾರದಿದ್ದರೆ ನಿಮಗೆ ಆ ಜಗತ್ತು ಇನ್ನೂ ಪರಿಚಯವಾಗಿಲ್ಲ. ಮೊದಲು ಅಲ್ಲಿಗೆ ಹೋಗಿ ಬನ್ನಿ.

ಹಂತ 2: ಈಗ ಏನು ಮಾಡುತ್ತಿದ್ದಾರೆ ಎಂದು ಹುಡುಕಿ, ಅದಕ್ಕೆ ಬೆಲೆ ಕಟ್ಟಿ

2005ರಲ್ಲಿ ಬೆಂಗಳೂರಿನ ತಿಪ್ಪಸಂದ್ರದಲ್ಲಿ 50 ಚದರ ಅಡಿಯ ಜಾಗದಲ್ಲಿ, ಇಡ್ಲಿ-ದೋಸೆ ಹಿಟ್ಟು ಮಾರುವ ಐಡಿ ಫ್ರೆಶ್ ಫುಡ್ ಶುರುವಾಯಿತು. ಅದನ್ನು ಕಟ್ಟಿದ ಪಿ.ಸಿ. ಮುಸ್ತಫಾ ಅವರ ಸೋದರ ಸಂಬಂಧಿಗಳ ಕಿರಾಣಿ ಅಂಗಡಿಯಲ್ಲಿ ದೋಸೆ ಹಿಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದರು. ಗುಣಮಟ್ಟದ ಬಗ್ಗೆ ಗ್ರಾಹಕರ ದೂರು ಇತ್ತು, ಆದರೂ ಕೊಳ್ಳುತ್ತಿದ್ದರು. ದೂರುತ್ತಲೇ ಹಣ ಕೊಡುವ ಗ್ರಾಹಕರು ಇರುವ ಕಡೆ ಕಣ್ಣು ಮುಚ್ಚಿ ನಿಲ್ಲಬಹುದು. "ನಮ್ಮ ಜನ ಹಿಟ್ಟನ್ನು ಮನೆಯಲ್ಲೇ ರುಬ್ಬುತ್ತಾರೆ, ಅಂಗಡಿಯಿಂದ ಯಾರು ತರುತ್ತಾರೆ" ಎಂಬ ವಾದಕ್ಕೆ ಆ ರಬ್ಬರ್ ಬ್ಯಾಂಡಿನ ಚೀಲವೇ ಉತ್ತರವಾಗಿತ್ತು.

ಸೆಲ್ಕೋ ಸಂಸ್ಥೆಯ ಕಥೆಯೂ ಹೀಗೆಯೇ. 1995ರಲ್ಲಿ ಹರೀಶ್ ಹಂದೆ ಮತ್ತಿತರರು ಬೆಂಗಳೂರಿನಲ್ಲಿ ಇದನ್ನು ಆರಂಭಿಸಿದಾಗ ಬಡವರಿಗೆ ಸೌರ ದೀಪ ಮಾರುವುದು ಆಗದ ಮಾತು ಎಂದು ಅನೇಕರಿಗೆ ಅನಿಸಿತ್ತು. ವಿದ್ಯುತ್ ಇಲ್ಲದ ಮನೆಗಳು ಮಾತ್ರ ಸೀಮೆಎಣ್ಣೆ, ಮೇಣದಬತ್ತಿಗೆ ಹಣ ಸುರಿಯುತ್ತಲೇ ಇದ್ದವು. ಕೊಡುವ ಶಕ್ತಿ ಇತ್ತು, ಇಡೀ ಮೊತ್ತವನ್ನು ಒಮ್ಮೆಗೇ ಕೊಡುವ ಶಕ್ತಿ ಇರಲಿಲ್ಲ. ಗ್ರಾಮೀಣ ಬ್ಯಾಂಕ್ ಮತ್ತು ಸಹಕಾರ ಸಂಘಗಳ ಸಾಲದ ಕಂತು ಆ ಅಂತರವನ್ನು ತುಂಬಿತು. ಆದ್ದರಿಂದ "ಎಷ್ಟು ಖರ್ಚು ಮಾಡುತ್ತಾರೆ" ಎಂಬುದರ ಜೊತೆಗೆ "ಯಾವ ಲಯದಲ್ಲಿ ಖರ್ಚು ಮಾಡುತ್ತಾರೆ" ಎಂಬುದನ್ನೂ ಬರೆದುಕೊಳ್ಳಿ: ದಿನಗೂಲಿಯವರು ದಿನಕ್ಕೆ, ನೌಕರರು ತಿಂಗಳಿಗೆ, ಕೃಷಿಕರು ಫಸಲು ಮಾರಿದ ಮೇಲೆ.

ಪ್ರತಿಸ್ಪರ್ಧಿಗಳನ್ನು ಕಂಡು ಹೆದರುವವರಿಗೆ ಒಂದು ಮಾತು. ಅದೇ ಕೆಲಸಕ್ಕೆ ಬೇರೆಯವರು ಹಣ ಪಡೆಯುತ್ತಿದ್ದಾರೆ ಎಂದರೆ ಗಿರಾಕಿ ಇದ್ದಾರೆ ಎಂದರ್ಥ. ಯಾರೂ ಇಲ್ಲ ಎಂದಾಗಲೇ ಹೆಚ್ಚು ಎಚ್ಚರದಿಂದಿರಬೇಕು.

ನಮ್ಮ ಅಡಿಕೆ ಐಡಿಯಾ ಈ ಹಂತವನ್ನು ಸುಲಭವಾಗಿ ದಾಟುತ್ತದೆ. ಮರ ಹತ್ತುವವರಿಗೆ ಉಳಿದ ಕೂಲಿಗಿಂತ ಹೆಚ್ಚಿನ ಸಂಬಳ ಕೊಡುತ್ತಾರೆ, ಮುಂಗಡ ಕೊಟ್ಟು ಕಾಯ್ದಿರಿಸುತ್ತಾರೆ, ಕಾರ್ಬನ್ ಫೈಬರ್ ದೋಟಿ (ಮರದ ತುದಿ ಮುಟ್ಟುವ ಉದ್ದ ಕೋಲು) ಕೊಂಡು ನೆಲದಲ್ಲೇ ನಿಂತು ಕೊಯ್ಯಿಸುತ್ತಾರೆ. ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಮರ ಹತ್ತುವ ಬೈಕನ್ನೇ ತಯಾರಿಸಿ 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾದರು. ಜನ ತಾವೇ ಯಂತ್ರ ಕಟ್ಟಿಕೊಳ್ಳುವ ಮಟ್ಟಕ್ಕೆ ಬಂದಿದ್ದಾರೆ ಎಂದಮೇಲೆ ಕಷ್ಟದ ಆಳಕ್ಕೆ ಬೇರೆ ಸಾಕ್ಷಿ ಬೇಡ.

ಹಂತ 3: ಮಾತಾಡಿಸಿ, ಆದರೆ ಐಡಿಯಾ ಹೇಳಬೇಡಿ

"ಇಂಥ ಆ್ಯಪ್ ಬಂದರೆ ಬಳಸ್ತೀರಾ?" ಎಂದು ಕೇಳಿದರೆ ನಮ್ಮ ಕಡೆ ಬಹುತೇಕ ಎಲ್ಲರೂ "ಒಳ್ಳೇದು, ಮಾಡಿ" ಎನ್ನುತ್ತಾರೆ. ಮನೆಗೆ ಬಂದ ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚಲು ಯಾರಿಗೂ ಮನಸ್ಸಾಗುವುದಿಲ್ಲ. ಆ "ಒಳ್ಳೇದು"ಗಳನ್ನು ಎಣಿಸಿ ಬೇಡಿಕೆ ಇದೆ ಎಂದುಕೊಂಡರೆ ಕೆಟ್ಟಿರಿ.

ನಡೆದುಹೋದದ್ದನ್ನೇ ಕೇಳಿ:

- ಕಳೆದ ಮಳೆಗಾಲದಲ್ಲಿ ಮದ್ದು ಯಾರು ಬಿಟ್ಟದ್ದು ಅಣ್ಣ? ಅವರ ಗುರುತು ಹೇಗೆ?
- ಎಷ್ಟು ದಿನ ಕಾಯಬೇಕಾಯ್ತು? ಆ ದಿನಗಳಲ್ಲಿ ಏನು ಮಾಡಿದ್ರಿ?
- ಒಟ್ಟು ಎಷ್ಟು ಕೊಟ್ರಿ? ಊಟ, ಓಡಾಟ ಸೇರಿ?
- ಬೇರೆ ಏನಾದ್ರೂ ಮಾಡಿ ನೋಡಿದ್ದೀರಾ? ಅದನ್ನು ಯಾಕೆ ಬಿಟ್ರಿ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿರುವ ಯಂತ್ರದ ಬಗ್ಗೆ ಹತ್ತು ನಿಮಿಷ ಕೇಳಿಸಿಕೊಂಡರೆ ನಿಮ್ಮ ಸರಕು ಎಲ್ಲಿ ಸೋಲಬಹುದು ಎಂಬುದು ತಿಳಿಯುತ್ತದೆ. ಸಂಬಂಧಿಕರನ್ನು ಬಿಟ್ಟು ಹದಿನೈದು ಇಪ್ಪತ್ತು ಜನರನ್ನು ಮಾತಾಡಿಸಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದೇ ದೂರು ಬೇರೆ ಬೇರೆ ಬಾಯಲ್ಲಿ ಮರಳಿ ಬರತೊಡಗಿದಾಗ ನಿಲ್ಲಿಸಬಹುದು.

ಎರಡೂ ಬದಿಯವರನ್ನು ಕೇಳುವುದು ಅಗತ್ಯ. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮ ಆಮೇಲೆ ಟ್ರಾವೆಲ್ ಏಜೆಂಟರ ಬಳಿ ಹೋಗಿ ವ್ಯವಹಾರ ಹೇಗೆ ನಡೆಯುತ್ತದೆ ಎಂದು ವಿಚಾರಿಸಿದರು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ ಎಂಬುದು ಏಜೆಂಟರಿಗೇ ಗೊತ್ತಿರಲಿಲ್ಲ. ಅವರು ಬಸ್ ಮಾಲೀಕರಿಗೆ ಫೋನ್ ಮಾಡಿ ಕೇಳಬೇಕಿತ್ತು. ಸಾಮ ಮತ್ತು ಅವರ ಗೆಳೆಯರ ಗುಂಪು ಮೊದಲು ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಮಾಡಿತು, ಅವರು ಒಲ್ಲೆ ಎಂದರು. ಸೀಟು ಕೊಡಿ, ನಾವೇ ಮಾರುತ್ತೇವೆ ಎಂದಾಗ ಒಪ್ಪಿದರು. 2006ರಲ್ಲಿ ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ಮಾರುವ ರೆಡ್‌ಬಸ್ ಹುಟ್ಟಿದ್ದು ಹಾಗೆ. ಕಷ್ಟ ಅದೇ ಆಗಿತ್ತು, ಯಾರಿಗೆ ಏನು ಮಾರಬೇಕು ಎಂಬುದು ಮಾತ್ರ ಬದಲಾಯಿತು.

ಅಡಿಕೆಯ ವಿಷಯದಲ್ಲಿ ಮರ ಹತ್ತುವವರನ್ನು ಮಾತಾಡಿಸಿದರೆ ಇಡೀ ಐಡಿಯಾ ಅಲ್ಲಾಡುತ್ತದೆ. ಅವರ ಫೋನಿಗೆ ಬಿಡುವೇ ಇಲ್ಲ. ಸೀಸನ್ನಿನಲ್ಲಿ ಎಲ್ಲ ದಿನಗಳೂ ಮೊದಲೇ ಭರ್ತಿ. ಕೃಷಿಕರಿಗೆ ಅವರ ನಂಬರ್ ಸಿಗದಿರುವುದು ಸಮಸ್ಯೆಯೇ ಅಲ್ಲ, ಅವರ ಸಂಖ್ಯೆಯೇ ಕಡಿಮೆ. ಬುಕಿಂಗ್ ಆ್ಯಪ್ ಒಬ್ಬನೇ ಒಬ್ಬ ಹೊಸ ಕೆಲಸಗಾರನನ್ನೂ ಹುಟ್ಟಿಸುವುದಿಲ್ಲ. ಕೊಡುವವರನ್ನೂ ಕೊಳ್ಳುವವರನ್ನೂ ಜೋಡಿಸುವ ಯಾವುದೇ ಐಡಿಯಾಕ್ಕೆ ಈ ಪ್ರಶ್ನೆ ಹಾಕಲೇಬೇಕು: ಕೊರತೆ ಇರುವುದು ಮಾಹಿತಿಯದೋ, ಮನುಷ್ಯರದೋ?

ಹಂತ 4: ಹಣ ಕೊಡುವವರು ಯಾರು?

ಬಳಸುವವರು, ನಿರ್ಧರಿಸುವವರು, ಹಣ ಕೊಡುವವರು ಬೇರೆ ಬೇರೆಯಾದಷ್ಟೂ ದಾರಿ ದೂರ. ಶಾಲೆಗೆ ಮಾರುವ ಆ್ಯಪ್ ಅನ್ನು ಮಕ್ಕಳು ಬಳಸುತ್ತಾರೆ, ಶಿಕ್ಷಕರು ಒಪ್ಪಬೇಕು, ಆಡಳಿತ ಮಂಡಳಿ ಸಹಿ ಹಾಕಬೇಕು, ಶುಲ್ಕದ ರೂಪದಲ್ಲಿ ಪೋಷಕರು ತೆರಬೇಕು. ಈ ಸರಪಳಿಯ ಪ್ರತಿ ಕೊಂಡಿಯನ್ನೂ ಹೆಸರಿಟ್ಟು ಬರೆಯಿರಿ.

ಜನ ಬಳಸುತ್ತಾರೆ ಎಂಬುದು ಹಣಕ್ಕೆ ಖಾತರಿಯಲ್ಲ. 2020ರಲ್ಲಿ ಕನ್ನಡದಲ್ಲೇ ಮೊದಲು ಕಣ್ಣು ತೆರೆದ, ಟ್ವಿಟರ್‌ನಂಥ ಜಾಲತಾಣ 'ಕೂ' ಉತ್ತುಂಗದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಬಳಕೆದಾರರನ್ನು ಕಂಡಿತ್ತು. ನಮ್ಮ ಭಾಷೆಯಲ್ಲಿ ಬರೆಯಲು ಒಂದು ಜಾಗ ಎಂದು ಸಂತೋಷಪಟ್ಟವರು ಬಹಳ ಜನ, ನಾನೂ ಅವರಲ್ಲಿ ಒಬ್ಬ. 2024ರ ಜುಲೈನಲ್ಲಿ ಅದು ಮುಚ್ಚಿತು. ಜಾಹೀರಾತಿನಿಂದಲೇ ಬದುಕಬೇಕಾದ ಸಾಮಾಜಿಕ ಜಾಲತಾಣಕ್ಕೆ ಆ ಮಟ್ಟ ತಲುಪುವವರೆಗೂ ವರ್ಷಗಟ್ಟಲೆ ಹೊರಗಿನ ಬಂಡವಾಳ ಬೇಕು. ಬಂಡವಾಳದ ಕಾಲ ಮುಗಿದರೆ ಬಳಕೆದಾರರ ಪ್ರೀತಿ ಸರ್ವರ್ ಬಿಲ್ ಕಟ್ಟುವುದಿಲ್ಲ.

ನಿಯಮವೇ ಗಳಿಕೆಯ ಬಾಗಿಲು ಮುಚ್ಚುವುದೂ ಉಂಟು. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಎಂಡಿಆರ್ ಶುಲ್ಕ (ಪಾವತಿಯ ಮೊತ್ತದಲ್ಲಿ ಮುರಿದುಕೊಳ್ಳುವ ಪಾಲು) ಪಡೆಯುವಂತಿಲ್ಲ. ಹಾಗಾಗಿಯೇ ಕ್ಯೂಆರ್ ಅಂಟಿಸಿದ ಕಂಪನಿಗಳು ಸೌಂಡ್‌ಬಾಕ್ಸ್ ಬಾಡಿಗೆ, ಸಾಲದ ವ್ಯವಹಾರದ ಕಡೆ ಹೊರಳಿದವು. ನಿಮ್ಮ ಐಡಿಯಾ ಹಣಕಾಸು, ಆರೋಗ್ಯ, ಆಹಾರ, ಔಷಧ, ಶಿಕ್ಷಣ ಯಾವುದನ್ನು ಮುಟ್ಟುತ್ತಿದ್ದರೂ ನಿಯಮ ಓದಲು ಎರಡು ದಿನ ಇಡಿ.

ಹಂತ 5: ಒಬ್ಬ ಗ್ರಾಹಕನ ಲೆಕ್ಕ ಹಾಕಿ

"ಭಾರತದಲ್ಲಿ 140 ಕೋಟಿ ಜನ, ಶೇ 1ರಷ್ಟು ಬಂದರೂ ಸಾಕು" ಎಂಬ ಲೆಕ್ಕವನ್ನು ಹರಿದು ಹಾಕಿ. ಒಬ್ಬ ಗ್ರಾಹಕನಿಂದ ವರ್ಷಕ್ಕೆ ಏನು ಬರುತ್ತದೆ, ಅವನನ್ನು ಕರೆತರಲು, ಉಳಿಸಿಕೊಳ್ಳಲು ಏನು ಹೋಗುತ್ತದೆ ಎಂಬಲ್ಲಿಂದ ಶುರು ಮಾಡಿ.

ನಮ್ಮ ಆ್ಯಪ್‌ನ ಲೆಕ್ಕ ನೋಡೋಣ. ಅಡಿಕೆ ಸಸಿಗಳ ನಡುವೆ 2.7 ಮೀಟರ್ ಅಂತರ ಶಿಫಾರಸಿನದು. ಆ ಪ್ರಕಾರ ಎಕರೆಗೆ ಸುಮಾರು 550 ಮರ, ಎರಡು ಎಕರೆಗೆ 1,100. ವರ್ಷಕ್ಕೆ ಎರಡು ಸಲ ಮದ್ದು, ಮೂರು ಸಲ ಕೊಯ್ಲು, ಒಟ್ಟು ಐದು ಭೇಟಿ ಎನ್ನೋಣ. ಒಂದು ಭೇಟಿಯ ಕೂಲಿ 8,000 ರೂಪಾಯಿ, ಕಮಿಷನ್ ಶೇ 10 ಎಂದಿಟ್ಟುಕೊಳ್ಳಿ (ಕೂಲಿಯ ಅಂಕಿ ಉದಾಹರಣೆಗೆ ಮಾತ್ರ, ನಿಮ್ಮ ಊರಿನದನ್ನು ಹಾಕಿ). ಕಾಗದದ ಮೇಲೆ ಒಬ್ಬ ಕೃಷಿಕನಿಂದ ವರ್ಷಕ್ಕೆ 4,000 ರೂಪಾಯಿ ಬರುತ್ತದೆ. ವಾಸ್ತವದಲ್ಲಿ ಮೊದಲ ಭೇಟಿಯಲ್ಲೇ ಕೃಷಿಕರೂ ಕೆಲಸದವರೂ ನಂಬರ್ ಬದಲಾಯಿಸಿಕೊಳ್ಳುತ್ತಾರೆ, ಎರಡನೇ ಸಲ ನೇರವಾಗಿ ಕರೆಯುತ್ತಾರೆ. ನಿಮಗೆ ದಕ್ಕುವುದು 800. ಅವರ ಮನೆಗೆ ಹೋಗಿ ಆ್ಯಪ್ ಹಾಕಿಸಲು 500 ಖರ್ಚಾದರೆ ಉಳಿಯುವುದು 300. ಸಾವಿರ ಕೃಷಿಕರನ್ನು ಸೇರಿಸಿದರೂ ಮೂರು ಲಕ್ಷ. ಒಬ್ಬ ಇಂಜಿನಿಯರ್‌ನ ವರ್ಷದ ಸಂಬಳಕ್ಕೂ ಸಾಲದು.

ಹಾಗಾದರೆ ಐಡಿಯಾವನ್ನು ತಿರುಗಿಸೋಣ. ಕೆಲಸದವರನ್ನು ತೋರಿಸುವ ಬದಲು ದೋಟಿ ಬಳಸಬಲ್ಲ ಮೂವರ ತಂಡವನ್ನು ನಾವೇ ತರಬೇತಿ ಕೊಟ್ಟು ಸಂಬಳಕ್ಕೆ ಇಟ್ಟುಕೊಂಡು ವರ್ಷದ ಗುತ್ತಿಗೆ ಮಾಡುವುದು. ಒಬ್ಬ ಕೃಷಿಕನಿಂದ ವರ್ಷಕ್ಕೆ 40,000. ಮೂವರಿಗೆ ತಿಂಗಳಿಗೆ 22,000ದಂತೆ ವರ್ಷಕ್ಕೆ 7.92 ಲಕ್ಷ. 25 ಗುತ್ತಿಗೆ ಸಿಕ್ಕರೆ 10 ಲಕ್ಷ ಬಂತು, ದೋಟಿ, ಪೆಟ್ರೋಲ್, ವಿಮೆಗೆ ಎರಡು ಲಕ್ಷ ಮಿಕ್ಕಿತು. ಚೆನ್ನಾಗಿ ಕಾಣುತ್ತದೆ. ಇಲ್ಲಿಯೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಒಂದು ತೋಟಕ್ಕೆ ಎರಡು ದಿನ ಬೇಕು ಎಂದರೆ 25 ತೋಟಗಳಿಗೆ ಮೊದಲ ಸುತ್ತಿನ ಮದ್ದು ಬಿಡಲು 50 ದಿನ ಬೇಕು. ಮಳೆ ಬಿರುಸಾಗುವ ಮೊದಲು ಸಿಗುವುದು ಮೂರು ನಾಲ್ಕು ವಾರ. ಒಂದು ತಂಡ ನಿಭಾಯಿಸಬಹುದಾದದ್ದು ಹತ್ತು ಹನ್ನೆರಡು ತೋಟ ಮಾತ್ರ, ಅಂದರೆ 4.8 ಲಕ್ಷ. ಸಂಬಳಕ್ಕೇ ಮೂರು ಲಕ್ಷ ಕಡಿಮೆ ಬೀಳುತ್ತದೆ. ಬೇಸಿಗೆಯಲ್ಲಿ ಕಾಳುಮೆಣಸು ಕೊಯ್ಲು, ವರ್ಷವಿಡೀ ತೆಂಗಿನಕಾಯಿ ಕೀಳುವ ಕೆಲಸ ಅದೇ ತಂಡಕ್ಕೆ ಸಿಕ್ಕರೆ ಆ ಕೊರತೆ ತುಂಬಬಹುದು. ಈಗ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಅದು, ಆ್ಯಪ್‌ನ ವಿನ್ಯಾಸವಲ್ಲ. ವರ್ಷದ ಸರಾಸರಿ ಸರಿಯಿದ್ದು ಸೀಸನ್ನಿನ ಒತ್ತಡದಲ್ಲಿ ಮುರಿದುಬೀಳುವ ಲೆಕ್ಕಗಳು ಕೃಷಿಯಲ್ಲಷ್ಟೇ ಅಲ್ಲ, ಮದುವೆ, ಪ್ರವಾಸ, ಪರೀಕ್ಷೆ ಸುತ್ತಲಿನ ವ್ಯವಹಾರಗಳಲ್ಲೂ ಇರುತ್ತವೆ.

ಬೆಂಗಳೂರಿನ ಎರಡು ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಡಂಜೋ ವಾಟ್ಸ್ಆ್ಯಪ್ ಮೂಲಕ ಸಣ್ಣಪುಟ್ಟ ಕೆಲಸ ಮಾಡಿಕೊಡುತ್ತ ಬೆಳೆಯಿತು, ಜನರಿಗೆ ಬಹಳ ಇಷ್ಟವಾಯಿತು, 2017ರಲ್ಲಿ ಗೂಗಲ್, 2022ರಲ್ಲಿ ರಿಲಯನ್ಸ್ ರಿಟೇಲ್ ಹಣ ಹಾಕಿದವು. 2025ರ ಜನವರಿಯಲ್ಲಿ ಅದರ ಆ್ಯಪ್, ವೆಬ್‌ಸೈಟ್ ನಿಂತವು. ಸಣ್ಣ ಮೊತ್ತದ ಪ್ರತಿ ಆರ್ಡರಿಗೂ ಒಬ್ಬ ಮನುಷ್ಯ, ಒಂದು ಬೈಕ್ ಬೇಕಾದ ಕೆಲಸದಲ್ಲಿ ಗಿರಾಕಿ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆ. 2010ರಲ್ಲಿ ನಿತಿನ್ ಕಾಮತ್ ಆರಂಭಿಸಿದ, ಷೇರು ಕೊಂಡು ಮಾರಿಸುವ ಜೆರೋಧಾ ಶೇಕಡಾವಾರು ದಲ್ಲಾಳಿ ಶುಲ್ಕದ ಬದಲು ಆರ್ಡರಿಗೆ 20 ರೂಪಾಯಿ ಎಂದು ನಿಗದಿ ಮಾಡಿತು. ಹತ್ತು ಸಾವಿರದ ಆರ್ಡರಿಗೂ ಹತ್ತು ಲಕ್ಷದ ಆರ್ಡರಿಗೂ ಕಂಪ್ಯೂಟರಿನ ಕೆಲಸ ಒಂದೇ ಆದ್ದರಿಂದ ಆ ಬೆಲೆ ಅವರಿಗೆ ಕಟ್ಟಿತು. ಹೊರಗಿನ ಹೂಡಿಕೆ ಪಡೆಯದೆಯೇ ಅದು ದೇಶದ ದೊಡ್ಡ ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು.

ಹಂತ 6: ಈಗಲೇ ಯಾಕೆ?

ಇಷ್ಟು ಒಳ್ಳೆಯ ಐಡಿಯಾ ಐದು ವರ್ಷದ ಹಿಂದೆ ಯಾಕೆ ಆಗಲಿಲ್ಲ? "ಯಾರಿಗೂ ಹೊಳೆದಿರಲಿಲ್ಲ" ಎಂಬ ಉತ್ತರವನ್ನು ನಂಬಬೇಡಿ. ಬೆಲೆ, ನಿಯಮ, ಅಭ್ಯಾಸ, ತಂತ್ರ ಇವುಗಳಲ್ಲಿ ಏನೋ ಒಂದು ಈಚೆಗೆ ಬದಲಾಗಿರಬೇಕು. ಅಮೆರಿಕದ ವೆಬ್‌ವ್ಯಾನ್ ಮನೆಬಾಗಿಲಿಗೆ ದಿನಸಿ ತಲುಪಿಸಲು ಹೊರಟು 2001ರಲ್ಲಿ ದಿವಾಳಿಯಾಯಿತು. ಕೈಯಲ್ಲಿ ಸ್ಮಾರ್ಟ್‌ಫೋನ್ ಬಂದ ಮೇಲೆ ಅದೇ ಯೋಚನೆ ಬೇರೆಯವರ ಕೈಯಲ್ಲಿ ನಡೆಯಿತು. ನಮ್ಮಲ್ಲಿ ಕಾರ್ಡ್ ಬಳಸದ ಕೋಟ್ಯಂತರ ಜನರನ್ನು ಆನ್‌ಲೈನ್ ಖರೀದಿಗೆ ಕರೆತಂದದ್ದು 2010ರಲ್ಲಿ ಫ್ಲಿಪ್‌ಕಾರ್ಟ್ ತಂದ ಕ್ಯಾಶ್ ಆನ್ ಡೆಲಿವರಿ. ಅಡಿಕೆ ತಂಡದ ವಿಷಯದಲ್ಲಿ ಬದಲಾದದ್ದು ದೋಟಿ. ಮರ ಹತ್ತುವುದು ಬಾಲ್ಯದಿಂದ ಬಂದ ಕಸುಬು, ದೋಟಿಯದು ಶಿಬಿರದಲ್ಲಿ ಕಲಿಯಬಹುದಾದ ಕೆಲಸ.

ಹಂತ 7: ನೀವೇ ಯಾಕೆ?

ಚಿಕ್ಕ ಹಂತ, ಆದರೆ ಪ್ರಾಮಾಣಿಕತೆ ಬೇಡುವಂಥದ್ದು. ಆ ಗ್ರಾಹಕರ ಜೊತೆ ಐದು ವರ್ಷ ಒಡನಾಡಲು ನಿಮಗೆ ಮನಸ್ಸಿದೆಯೇ? ಕಾಮತ್ ಸ್ವತಃ ಟ್ರೇಡರ್ ಆಗಿದ್ದವರು, ದಲ್ಲಾಳಿ ಶುಲ್ಕದ ಬಿಸಿ ಅವರಿಗೆ ಗೊತ್ತಿತ್ತು. ನಿಮಗೆ ತೋಟವೇ ಗೊತ್ತಿಲ್ಲದಿದ್ದರೆ ಗೊತ್ತಿರುವ ಪಾಲುದಾರರನ್ನು ಮೊದಲ ದಿನದಿಂದಲೇ ಸೇರಿಸಿಕೊಳ್ಳಿ, ಸಲಹೆಗಾರರಾಗಿ ಅಲ್ಲ, ಪಾಲು ಕೊಟ್ಟು.

ಹಂತ 8: ಹಣ ಕೈ ಬದಲಾಗುವ ಅತಿ ಸಣ್ಣ ಪರೀಕ್ಷೆ

1999ರಲ್ಲಿ ನಿಕ್ ಸ್ವಿನ್ಮರ್ನ್ ಆನ್‌ಲೈನ್‌ನಲ್ಲಿ ಬೂಟು ಕೊಳ್ಳುತ್ತಾರೆಯೇ ಎಂದು ತಿಳಿಯಲು ಗೋದಾಮು ಕಟ್ಟಲಿಲ್ಲ. ಹತ್ತಿರದ ಅಂಗಡಿಯ ಬೂಟುಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸುತ್ತಿದ್ದರು. ಮುಂದೆ ಜ್ಯಾಪೋಸ್ ಎಂಬ ಕಂಪನಿ ಆದದ್ದು ಆ ಪರೀಕ್ಷೆ. ಐಡಿ ಫ್ರೆಶ್ ಕೂಡ ಶುರುವಿನಲ್ಲಿ ದಿನಕ್ಕೆ ಹತ್ತರಷ್ಟು ಪ್ಯಾಕೆಟ್ ತಯಾರಿಸುತ್ತಿತ್ತು, 100 ಮುಟ್ಟಲು ತಿಂಗಳುಗಳೇ ಹಿಡಿದವು.

ಪರೀಕ್ಷೆ ಇಲ್ಲದೆ ದೊಡ್ಡದಾಗಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಜ್ಯೂಸೆರೋ ಉದಾಹರಣೆ. ಸುಮಾರು 12 ಕೋಟಿ ಡಾಲರ್ ಹೂಡಿಕೆ ಪಡೆದ ಈ ಅಮೆರಿಕನ್ ಕಂಪನಿ ನೂರಾರು ಡಾಲರ್ ಬೆಲೆಯ ಜ್ಯೂಸ್ ಯಂತ್ರ ಮಾಡಿತು. ಅದರ ಪ್ಯಾಕೆಟ್ಟನ್ನು ಕೈಯಿಂದಲೇ ಹಿಂಡಬಹುದು ಎಂದು 2017ರಲ್ಲಿ ಬ್ಲೂಮ್‌ಬರ್ಗ್ ತೋರಿಸಿತು. ಅದೇ ವರ್ಷ ಕಂಪನಿ ಮುಚ್ಚಿತು.

ನಮ್ಮ ಪರೀಕ್ಷೆ ಹೀಗಿರಲಿ. ಒಂದು ಗ್ರಾಮ, ಒಂದು ದೋಟಿ, ಈಗಾಗಲೇ ಕೆಲಸ ಬಲ್ಲ ಒಂದು ತಂಡ. ಏಪ್ರಿಲ್‌ನಲ್ಲಿ ಹತ್ತು ಕೃಷಿಕರ ಮನೆಗೆ ಹೋಗಿ ಮಳೆಗಾಲದ ಮದ್ದಿಗೆ ದಿನ ಗೊತ್ತುಮಾಡಿ ಅಡ್ವಾನ್ಸ್ ಕೇಳಿ. ಆ್ಯಪ್ ಬೇಡ, ವಾಟ್ಸ್ಆ್ಯಪ್ ಮತ್ತು ಒಂದು ಡೈರಿ ಸಾಕು. ಹೊರಡುವ ಮೊದಲೇ ಗೆರೆ ಎಳೆದುಕೊಳ್ಳಿ: ಹತ್ತರಲ್ಲಿ ಆರು ಮಂದಿ ಅಡ್ವಾನ್ಸ್ ಕೊಟ್ಟರೆ ಮುಂದಿನ ಹೆಜ್ಜೆ, ಮೂರಕ್ಕಿಂತ ಕಡಿಮೆಯಾದರೆ ನಿಲ್ಲಿಸುವುದು. ನಡುವೆ ಬಂದರೆ ಕೊಡದವರ ಬಳಿ ಮತ್ತೆ ಹೋಗಿ ಕಾರಣ ಕೇಳುವುದು. ಗೆರೆಯನ್ನು ಆಮೇಲೆ ಎಳೆದರೆ ಬಂದ ಫಲಿತಾಂಶದ ಕೆಳಗೇ ಎಳೆಯುತ್ತೀರಿ.

ಹಂತ 9: ಐಡಿಯಾಗಳನ್ನು ಹೋಲಿಸಿ

ಪ್ರತಿ ಹಂತಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೂಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹಣ ಕೊಡುವವರೇ ಇಲ್ಲದ ಐಡಿಯಾ ಉಳಿದೆಲ್ಲದರಲ್ಲೂ ಒಂಬತ್ತು ಪಡೆದು ಮೇಲೆ ಬಂದು ಕೂರುತ್ತದೆ. ಈಗಿನ ಖರ್ಚು, ಹಣ ಕೊಡುವವರು, ಒಬ್ಬ ಗ್ರಾಹಕನ ಲೆಕ್ಕ ಈ ಮೂರರಲ್ಲಿ ಒಂದು ಬಿದ್ದರೂ ಐಡಿಯಾವನ್ನು ಪಕ್ಕಕ್ಕಿಡಿ ಅಥವಾ ತಿರುಗಿಸಿ. ಮೂರೂ ದಾಟಿದವುಗಳ ನಡುವೆ ನಿಮಗೆ ಹೆಚ್ಚು ಪರಿಚಯವಿರುವ ಜಗತ್ತಿನದನ್ನು ಆರಿಸಿ.

ಹೊಸ ಔಷಧ, ಹೊಸ ಬ್ಯಾಟರಿಯಂಥ ವಿಜ್ಞಾನದ ಐಡಿಯಾಗಳಿಗೆ ಎಂಟನೇ ಹಂತ ಹೊಂದುವುದಿಲ್ಲ. ಅಲ್ಲಿ ಬೇಡಿಕೆಯ ಬಗ್ಗೆ ಅನುಮಾನವಿರುವುದಿಲ್ಲ, ಪ್ರಯೋಗಾಲಯದಲ್ಲಿ ಆಗುತ್ತದೆಯೇ ಎಂಬುದೇ ಪ್ರಶ್ನೆ. ಅಂಥವರು ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನು ಪೋಷಿಸುವ ಕೇಂದ್ರ) ಹುಡುಕುವುದು ಒಳ್ಳೆಯದು. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಯೋಜನೆ ಆಯ್ಕೆಯಾದ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಅನುದಾನ ಸಿಕ್ಕಿತೆಂದ ಮಾತ್ರಕ್ಕೆ ಗ್ರಾಹಕರು ಸಿಕ್ಕಂತಲ್ಲ. ಅರ್ಜಿ ಹಾಕುವಾಗ ಮೇಲಿನ ನೋಟ್‌ಬುಕ್ ಕೈಯಲ್ಲಿದ್ದರೆ ತೀರ್ಪುಗಾರರ ಪ್ರಶ್ನೆಗಳಿಗೂ ಉತ್ತರ ಸಿದ್ಧವಿರುತ್ತದೆ.

ಪಕ್ಕಕ್ಕಿಟ್ಟ ಐಡಿಯಾದ ಪುಟವನ್ನು ಹರಿಯಬೇಡಿ. ಯಾವ ಕಾರಣಕ್ಕೆ ಬಿಟ್ಟಿರಿ, ಏನು ಬದಲಾದರೆ ಮತ್ತೆ ತೆಗೆಯಬಹುದು ಎಂದು ಅದರ ಕೆಳಗೆ ದಿನಾಂಕದೊಂದಿಗೆ ಎರಡು ಸಾಲು ಬರೆದಿಡಿ. ಆರು ತಿಂಗಳಿಗೊಮ್ಮೆ ಆ ಪುಟಗಳನ್ನು ತಿರುವಿ, ದೋಟಿಯ ಬೆಲೆ ಇಳಿದಿದೆಯೇ, ನಿಯಮ ಬದಲಾಗಿದೆಯೇ, ಅದೇ ಕೆಲಸಕ್ಕೆ ಬೇರೆ ಯಾರಾದರೂ ಹಣ ಪಡೆಯತೊಡಗಿದ್ದಾರೆಯೇ ಎಂದು ನೋಡಿ.